ಮೊದಲು ಮಾತು ಕೇಳಲಿ, ಆಮೇಲೆ ಗುಡುಗು

ತಮ್ಮಾ, ಮನೆಗೆ ಹೋಮ್ ಥಿಯೇಟರ್ ತರುತ್ತೇನೆ ಅಂದೆ. ತಾ, ಒಳ್ಳೆಯದೇ. ಉಮರಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮನೆಗಳಲ್ಲಿ ಅದಕ್ಕೆ ಮಾಡಲು ಕೆಲಸ ಬಹಳ ಇದೆ. ಉದಗೀರ, ನಿಲಂಗಾ ಎರಡೂ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಆ ವರ್ಷ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಮುಂಬೈ ರಾಜ್ಯಕ್ಕೆ ಹೋದವು, 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಗಡಿಯ ಈ ಬದಿಗೆ ಉಳಿದ ಕನ್ನಡದ ಮನೆಗಳ ಮಕ್ಕಳು ಮರಾಠಿಯಲ್ಲಿ ಓದಿ ಬರೆದು ಬೆಳೆದರು. ಕನ್ನಡ ಅವರಿಗೆ ಬಂದದ್ದು ಕಿವಿಯ ದಾರಿಯಿಂದ: ಆಯಿಯ ಬಾಯಿಂದ, ಭಜನೆಯಿಂದ, ರೇಡಿಯೋದಿಂದ, ಈಗ ಟಿವಿಯಿಂದ.

ಹೀಗಿರುವಾಗ ನೀನು ಕೂಡಿಸುವ ಯಂತ್ರದಲ್ಲಿ ಮಾತು ಮಸುಕಾಗಬಾರದು. ಗೋಡೆ ನಡುಗಿಸುವ ಸದ್ದನ್ನು ಯಾವ ಅಗ್ಗದ ಸೆಟ್ಟೂ ಕೊಡುತ್ತದೆ. ಮುತ್ಯಾನಿಗೂ ಮೊಮ್ಮಗಳಿಗೂ ಒಂದೊಂದು ಅಕ್ಷರ ಬಿಡಿಸಿ ಕೇಳಿಸುವುದೇ ಕಷ್ಟದ ಕೆಲಸ. ಕೆಳಗಿನ ಮಾತುಗಳೆಲ್ಲ ಅದೊಂದಕ್ಕಾಗಿಯೇ.

ಅಂಗಡಿಗೆ ಹೋಗುವ ಮೊದಲು

• ಮೊದಲು ಕೋಣೆ ಅಳೆ. 1993ರ ಕಿಲ್ಲಾರಿ ಭೂಕಂಪದ ನಂತರ ಸ್ಥಳಾಂತರಗೊಂಡ ಊರುಗಳಲ್ಲಿ ಹೊಲದ ಅಳತೆಗೆ ತಕ್ಕಂತೆ 250, 450, 750 ಚದರಡಿಯ ಮನೆಗಳನ್ನು ಕೊಟ್ಟರು. ಅಂಥ ಮನೆಯ ಹತ್ತು-ಹನ್ನೆರಡು ಅಡಿಯ ಕೋಣೆಗೆ ಐದು ಸ್ಪೀಕರು, ಒಂದು ದೊಡ್ಡ ಸಬ್‌ವೂಫರ್ ತುರುಕಿದರೆ ಓಡಾಡಲು ಜಾಗ ಉಳಿಯುವುದಿಲ್ಲ, ಸದ್ದೂ ಕಲಸಿಹೋಗುತ್ತದೆ. ಅಲ್ಲಿಗೆ ಎರಡು ಒಳ್ಳೆಯ ಸ್ಪೀಕರು, ಇಲ್ಲವೇ ಬೇರೆ ಸಬ್‌ವೂಫರ್ ಇರುವ ಒಂದು ಸೌಂಡ್‌ಬಾರ್ ಸಾಕು. ಪಡಸಾಲೆ ಹನ್ನೆರಡಕ್ಕೆ ಹದಿನಾರು ಅಡಿಗಿಂತ ದೊಡ್ಡದಿದ್ದರೆ 5.1ಕ್ಕೆ ಕೈಹಾಕು. 5 ಅಂದರೆ ಮುಂದೆ ಮೂರು, ಅಕ್ಕಪಕ್ಕ ಎರಡು; .1 ಅಂದರೆ ತಗ್ಗು ಸ್ವರಕ್ಕೆಂದೇ ಇರುವ ಸಬ್‌ವೂಫರ್.

• ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವಾಟ್ ನೋಡಿ ಮರುಳಾಗಬೇಡ. ಪಿಎಂಪಿಒ ಎಂದು ಬರೆದ ಸಾವಿರಾರು ವಾಟ್‌ಗೆ ಏನೂ ಅರ್ಥವಿಲ್ಲ. ಆರ್‌ಎಂಎಸ್ ಎಷ್ಟು ಎಂದು ಕೇಳು, ಅದೂ ಒಂದೊಂದು ಚಾನೆಲ್‌ಗೆ ಎಷ್ಟು ಎಂದು ಕೇಳು. ನಮ್ಮ ಪಡಸಾಲೆಗೆ ಚಾನೆಲ್‌ಗೆ 30ರಿಂದ 50 ವಾಟ್ ಆರ್‌ಎಂಎಸ್ ಧಾರಾಳವಾಯಿತು. ವಾಟ್ ಎರಡು ಪಟ್ಟು ಮಾಡಿದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಸ್ವಲ್ಪ ಹೆಚ್ಚಾದಂತೆ ಅನಿಸುತ್ತದೆ, ಅಷ್ಟೇ. ಆ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕು.

• ಟಿವಿ ಹಿಂಬದಿಯ ಫೋಟೋ ತೆಗೆದುಕೊಂಡು ಹೋಗು, ಸೆಟ್‌ಟಾಪ್ ಬಾಕ್ಸಿನದೂ ತೆಗೆ. ಯಾವ ತೂತು ಎಚ್‌ಡಿಎಂಐ, ಅದರ ಮೇಲೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿದೆಯೇ, ಆಪ್ಟಿಕಲ್ ಇದೆಯೇ, ಕೆಂಪು-ಬಿಳಿ ಆಡಿಯೋ ಔಟ್ ಇದೆಯೇ, ಎಲ್ಲ ಫೋಟೋದಲ್ಲಿ ಕಾಣುತ್ತದೆ. ಊರಿಂದ ಲಾತೂರ, ಸೊಲ್ಲಾಪುರಕ್ಕೆ ಹೋಗಿ ಸೆಟ್ ತಂದ ಮೇಲೆ ತೂತು ಹೊಂದಲಿಲ್ಲವೆಂದರೆ ಮತ್ತೆ ಅಷ್ಟೇ ದಾರಿ ತಿರುಗಬೇಕು.

• ‘5.1’ ಎಂಬ ಅಕ್ಷರ ಕಂಡ ಕೂಡಲೇ ದುಡ್ಡು ಕೊಡಬೇಡ. ಹಿಂದೆ ಬರೀ ಆರು ಆರ್‌ಸಿಎ ತೂತುಗಳಿದ್ದು ಎಚ್‌ಡಿಎಂಐ, ಆಪ್ಟಿಕಲ್ ಎರಡೂ ಇಲ್ಲದ ಸೆಟ್ಟುಗಳು ಬಹಳ ಬರುತ್ತವೆ. ಟಿವಿಯಿಂದ ಬರುವ ಡಾಲ್ಬಿ ಡಿಜಿಟಲ್ ಸದ್ದನ್ನು ಅವು ಆರು ಭಾಗ ಮಾಡಲಾರವು. ಟಿವಿಯ ಕೆಂಪು-ಬಿಳಿ ತಂತಿಯಿಂದ ಎರಡೇ ಚಾನೆಲ್ ಹೋಗುತ್ತದೆ, ಸೆಟ್ಟು ಅದನ್ನೇ ಐದೂ ಸ್ಪೀಕರಿಗೆ ಹಂಚುತ್ತದೆ. ಆಗ ಮಾತು ಮುಂದಿನಿಂದಲೂ ಹಿಂದಿನಿಂದಲೂ ಬಂದು ಕಲಸಿಹೋಗುತ್ತದೆ. ‘ಒಳಗೆ ಡಾಲ್ಬಿ ಡಿಕೋಡರ್ ಇದೆಯೇ?’ ಎಂದು ನೇರ ಕೇಳು.

• ಛಾವಣಿ ನೋಡಿ ಅಟ್ಮಾಸ್ ಕೊಳ್ಳು. ಅಟ್ಮಾಸ್‌ನ ಮೇಲ್ಮುಖದ ಸ್ಪೀಕರು ಸದ್ದನ್ನು ಛಾವಣಿಗೆ ಹೊಡೆದು ಕೆಳಗಿಳಿಸುತ್ತದೆ. ಅದಕ್ಕೆ ಸಮತಟ್ಟಾದ ಸ್ಲ್ಯಾಬ್ ಬೇಕು. ಇಳಿಜಾರು ಪತ್ರಾ ಇರಲಿ, ಹಳೆಯ ವಾಡೆಯ ತೊಲೆ-ಜಂತಿ ಇರಲಿ, ಸದ್ದು ಎಲ್ಲೆಲ್ಲಿಯೋ ಚದುರುತ್ತದೆ. ಅಂಥ ಮನೆಯವರು ಆ ಹಣವನ್ನು ಸೆಂಟರ್ ಸ್ಪೀಕರಿಗೆ ಹಾಕಲಿ.

• ಅಂಗಡಿಯಲ್ಲಿ ಬಾಂಬು, ಕಾರು ಹಾರುವ ತುಣುಕು ಹಾಕುತ್ತಾರೆ. ಅದನ್ನು ನಿಲ್ಲಿಸಿ ಮನುಷ್ಯರ ಧ್ವನಿ ಹಾಕಿಸು. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರ ಒಂದು ದಾಸರ ಪದ, ಒಂದು ಮರಾಠಿ ಅಭಂಗ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗು. ನಮ್ಮ ಮನೆಯ ಎರಡು ಭಾಷೆಗೂ ಒಂದೇ ಕಂಠ. ತಂಬೂರಿ ಎಳೆಎಳೆಯಾಗಿ ಕೇಳಬೇಕು, ತಬಲಾದ ಡಗ್ಗಾ ದುಂಡಗೆ ಬರಬೇಕು, ಎತ್ತರಕ್ಕೆ ಹೋದಾಗ ಧ್ವನಿ ಕಿರಿಕಿರಿ ಆಗಬಾರದು. ಆಮೇಲೆ ಒಂದು ಕನ್ನಡ ವಾರ್ತೆ ಹಾಕಿಸು. ಸ, ಶ, ಷ ಬೇರೆ ಬೇರೆ ಕೇಳಿದರೆ ಆ ಸೆಟ್ಟು ನಮ್ಮ ಮನೆಗೆ ಆಗುತ್ತದೆ.

• ಕೆಟ್ಟರೆ ರಿಪೇರಿ ಎಲ್ಲಿ ಎಂದು ಮೊದಲೇ ಕೇಳು. ಉಮರಗಾದವರಿಗೆ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಇದೆ, ಉದಗೀರದವರಿಗೆ ಬೀದರಕ್ಕೆ ರೈಲಿದೆ, ನಿಲಂಗಾದವರು ಲಾತೂರಿಗೆ ಹೋಗಬಹುದು. ಆ ಕಂಪನಿಯ ಸರ್ವಿಸ್ ಸೆಂಟರ್ ಈ ದಾರಿಯಲ್ಲಿ ಎಲ್ಲಿದೆ ಎಂದು ತಿಳಿದುಕೋ. ಪಕ್ಕಾ ಬಿಲ್ಲು, ವಾರಂಟಿ ಕಾರ್ಡಿಗೆ ಮುದ್ರೆ, ಸೀರಿಯಲ್ ನಂಬರು ಮೂರೂ ಇರಲಿ. ಡಬ್ಬಿ, ಥರ್ಮಾಕೋಲು ಮಾಳಿಗೆ ಮೇಲಿಡು; ಸಬ್‌ವೂಫರನ್ನು ಬಸ್ಸಿನಲ್ಲಿ ಸಾಗಿಸುವ ದಿನ ಬೇಕಾಗುತ್ತದೆ.

ಲೈಟು ಮತ್ತು ಅರ್ಥಿಂಗ್

• ಪ್ಲಗ್ ಹಾಕುವ ಮೊದಲು ವಾಯರ್‌ಮನ್‌ನನ್ನು ಕರೆಸಿ ಬೋರ್ಡು ಪರೀಕ್ಷಿಸು. ಮೂರು ಪಿನ್ನಿನ ತೂತಿಗೆ ಎದುರು ನಿಂತಾಗ ಮೇಲಿನದು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಮೀಟರ್ ಹಿಡಿಸು. ಎರಡು-ಮೂರು ವೋಲ್ಟ್‌ಗಿಂತ ಬಹಳ ಹೆಚ್ಚು ತೋರಿಸಿದರೆ ಅರ್ಥಿಂಗ್ ಅಥವಾ ನ್ಯೂಟ್ರಲ್ ಸಡಿಲವಾಗಿದೆ ಎಂದು ತಿಳಿ. ಅದನ್ನು ಸರಿ ಮಾಡಿಸಿದ ಮೇಲೆಯೇ ಯಂತ್ರ ಹಚ್ಚು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಇದೇ ನೆಪದಲ್ಲಿ ಹಾಕಿಸು. ಅದು ಮಕ್ಕಳ ಪ್ರಾಣ ಕಾಯುವ ವಸ್ತು.

• ಅರ್ಥಿಂಗ್ ಗುಂಡಿಗೆ ನೀರು ಕುಡಿಸು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ಮಣ್ಣು ಸರಿಯುತ್ತದೆ, ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. 2016ರಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಅಂಥ ಸೀಮೆಯಲ್ಲಿ ಕುಡಿಯುವ ನೀರನ್ನು ಗುಂಡಿಗೆ ಸುರಿ ಎಂದು ನಾನು ಹೇಳುವುದಿಲ್ಲ. ಆರ್‌ಒ ಯಂತ್ರ ಚೆಲ್ಲುವ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಕೈ ತೊಳೆದ ನೀರಿಗೆ ಒಂದು ಸಣ್ಣ ಪೈಪು ಹಾಕಿ ಗುಂಡಿಯ ಕಡೆ ತಿರುಗಿಸು. ಇದ್ದಿಲು-ಉಪ್ಪು ತುಂಬಿದ ಗುಂಡಿ ಹಸಿಯಾಗಿದ್ದರೆ ಸ್ಪೀಕರಿನ ಗುಂಯ್ ಸದ್ದು ಎಷ್ಟೋ ಮನೆಗಳಲ್ಲಿ ತಗ್ಗುತ್ತದೆ.

• ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಇಡು. ಹೊಲದ ಮೋಟಾರುಗಳು ಒಟ್ಟಿಗೆ ಚಾಲೂ ಆದಾಗ 230 ವೋಲ್ಟ್ ಕುಸಿಯುತ್ತದೆ, ಅವೆಲ್ಲ ಬಂದಾದ ಕೂಡಲೇ ಮೇಲಕ್ಕೆ ಜಿಗಿಯುತ್ತದೆ. ಆಂಪ್ಲಿಫಯರ್ ಕೆಡುವುದು ಹೆಚ್ಚಾಗಿ ಆ ಜಿಗಿತಕ್ಕೆ. ಟಿವಿ, ಆಂಪ್ಲಿಫಯರ್, ಸಬ್‌ವೂಫರ್ ಮೂರರ ಹಿಂದೆ ಬರೆದ ವಾಟ್ ಕೂಡಿಸು, ಅದರ ಒಂದೂವರೆ ಪಟ್ಟು ತಾಳುವ ಸ್ಟೆಬಿಲೈಜರ್ ತಾ. ಲೈಟು ಹೋಗಿ ಬಂದ ಮೇಲೆ ಒಂದೆರಡು ನಿಮಿಷ ತಡೆದು ಕರೆಂಟು ಬಿಡುವ ಸೌಲಭ್ಯ ಅದರಲ್ಲಿರಲಿ.

• ಇನ್ವರ್ಟರ್ ಮೇಲೆ ಹಚ್ಚುವುದಿದ್ದರೆ ಸೈನ್‌ವೇವ್ ಇನ್ವರ್ಟರೇ ಬೇಕು. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರ್ ಮೇಲೆ ಸ್ಪೀಕರು ಝೇಂಕರಿಸುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಅಂಥ ಮನೆಯಲ್ಲಿ ಲೈಟು ಬರುವ ತನಕ ಸೆಟ್ಟಿಗೂ ವಿಶ್ರಾಂತಿ ಕೊಡು.

• ಮಿಂಚು ಕಂಡರೆ ಎಲ್ಲ ಕಳಚು. ಮುಂಗಾರಿನ ಮುಂಚೆ, ಮಿರಗ ಮಳೆ ಹಿಡಿಯುವ ಹೊತ್ತಿಗೆ ಸಿಡಿಲಿನ ಹಾವಳಿ ನಮ್ಮಲ್ಲಿ ಜೋರು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳು. ಛಾವಣಿ ಮೇಲಿನ ಡಿಶ್‌ನಿಂದ ಬರುವ ತಂತಿ, ಕೇಬಲ್ ತಂತಿ, ಇಂಟರ್‌ನೆಟ್ ತಂತಿ ಮೂರನ್ನೂ ಬಿಚ್ಚು. ಸಿಡಿಲಿನ ಪೆಟ್ಟು ಡಿಶ್ ತಂತಿಯಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿವಿಗೂ ಆಂಪ್ಲಿಫಯರ್‌ಗೂ ಹರಿಯುತ್ತದೆ. ಗುಡುಗು ತೀರ ಹತ್ತಿರ ಬಂದ ಮೇಲೆ ತಂತಿ ಮುಟ್ಟಬೇಡ. ಮುಗಿಲು ಕಪ್ಪಾದಾಗಲೇ ಈ ಕೆಲಸ ಮುಗಿಸಿರು.

• ಬಿಸಿಲಿಗೂ ಧೂಳಿಗೂ ಜಾಗ ಮಾಡಿಕೊಡು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಆಂಪ್ಲಿಫಯರ್ ಮೇಲೆ ಆರಿಂಚು ಗಾಳಿ ಆಡಬೇಕು. ಬಾಗಿಲು ಹಾಕಿದ ಕಪಾಟಿನಲ್ಲಿ ಇಡಬೇಡ, ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಬೇಡ. ಕಸೂತಿ ಬಟ್ಟೆ ಹೊದಿಸುವ ಆಸೆ ಮನೆಯವರಿಗೆ ಇರುತ್ತದೆ. ಸೆಟ್ಟು ಆರಿದಾಗ ಹೊದಿಸಲಿ, ಚಾಲೂ ಇದ್ದಾಗ ತೆಗೆಯಲಿ. ತೊಗರಿ, ಸೋಯಾ ರಾಶಿ ಮಾಡುವ ದಿನಗಳಲ್ಲಿ ವಾರಕ್ಕೊಮ್ಮೆ ಒಣ ಬ್ರಶ್‌ನಿಂದ ಧೂಳು ಝಾಡಿಸು.

ಸ್ಪೀಕರಿಗೆ ಜಾಗ

• ಭಾರದ ಸ್ಪೀಕರನ್ನು ಮಲಗುವವರ ತಲೆಯ ಮೇಲೆ ತೂಗುಹಾಕಬೇಡ. ಇದನ್ನು ನಾನು ಎರಡು ಸಲ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಸುಮಾರು 3 ಗಂಟೆ 56 ನಿಮಿಷಕ್ಕೆ, ಕಿಲ್ಲಾರಿ, ಸಾಸ್ತೂರ ಸುತ್ತ ಭೂಮಿ ನಡುಗಿತು. ಗಣಪತಿ ಕಳಿಸಿ ಮಲಗಿದ್ದ ಊರುಗಳಲ್ಲಿ ಸಾವಿರಾರು ಜನ ಸತ್ತರು. ಕೊಂದದ್ದು ಮಣ್ಣಿನ ಗಾರೆಯ ಕಲ್ಲುಗೋಡೆ, ತೊಲೆಯ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಆ ಬಗೆಯ ಗೋಡೆಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅವುಗಳಿಗೆ ಡ್ರಿಲ್ ಹೊಡೆದು ಐದಾರು ಕಿಲೋ ಸ್ಪೀಕರು ಹಾಕಿದರೆ ಮೊಳೆ ಹಿಡಿಯುವುದು ಬರೀ ಮಣ್ಣನ್ನು. ನೆಲದ ಸ್ಟ್ಯಾಂಡಿನ ಮೇಲಿಡು, ಸ್ಟ್ಯಾಂಡಿನ ತಳ ಅಗಲವಿರಲಿ. ಆರ್‌ಸಿಸಿ ಗೋಡೆ ಇದ್ದರೆ ಒಳ್ಳೆಯ ಆಂಕರ್ ಬೋಲ್ಟು ಹಾಕಿ ಹಚ್ಚಬಹುದು. ಅಲ್ಲೂ ಹಾಸಿಗೆ ಹಾಸುವ ಜಾಗದ ಮೇಲೆ, ತೊಟ್ಟಿಲ ಮೇಲೆ ಬೇಡ.

• ಸೆಂಟರ್ ಸ್ಪೀಕರಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಕೊಡು. ಸಿನಿಮಾದ ಮಾತು ಬಹುಪಾಲು ಬರುವುದು ಅದೊಂದರಿಂದ. ಟಿವಿಯ ಕೆಳಗೆ, ಸರಿ ನಡುವೆ, ಹಲಗೆಯ ಅಂಚಿಗೆ ಮುಖ ತಂದು ಇಡು. ಹಿಂದೆ ಸರಿಸಿದರೆ ಹಲಗೆಗೆ ಬಡಿದ ಸದ್ದು ಮಾತಿಗೆ ಬೆರೆತು ಮಸುಕಾಗುತ್ತದೆ. ಮುಖ ಕೇಳುವವರ ಕಿವಿಯ ಕಡೆ ತಿರುಗಿರಲಿ. ಕೆಳಗಿದ್ದರೆ ಮುಂದಿನ ಕಾಲಿಗೆ ರಬ್ಬರ್ ತುಂಡು ಕೊಟ್ಟು ಸ್ವಲ್ಪ ಮೇಲಕ್ಕೆತ್ತು. ಮುಂದೆ ಹೂದಾನಿ, ಫೋಟೋ ಏನೂ ಬೇಡ.

• ಕಿವಿಯ ಎತ್ತರ ನಮ್ಮ ಕೂರುವ ರೀತಿಗೆ ಅಳೆ. ಕಂಪನಿಯ ಪುಸ್ತಕದಲ್ಲಿ ಸೋಫಾ ಮೇಲೆ ಕೂತವರ ಲೆಕ್ಕ ಇರುತ್ತದೆ, ಸುಮಾರು ಮೂರೂಕಾಲು ಅಡಿ. ನಮ್ಮಲ್ಲಿ ಜಮಖಾನಾ ಹಾಸಿ ಚಕ್ಕಳಮಕ್ಕಳ ಹಾಕಿ ಕೂರುವವರೇ ಹೆಚ್ಚು. ಅವರ ಕಿವಿ ಎರಡೂವರೆ ಅಡಿಯಲ್ಲಿದೆ. ತೆಳ್ಳನೆಯ ಸ್ವರ ಕೊಡುವ ಸಣ್ಣ ಟ್ವೀಟರ್ ಆ ಎತ್ತರಕ್ಕೆ ಬರಲಿ. ಟಿವಿಯನ್ನು ಎತ್ತರದಲ್ಲಿ ತೂಗುಹಾಕಿದ್ದರೆ ಸ್ಪೀಕರನ್ನು ಕೆಳಮುಖವಾಗಿ ಓರೆ ಮಾಡು.

• ಎಡ-ಬಲ ಸ್ಪೀಕರುಗಳನ್ನು ತ್ರಿಕೋನದ ಲೆಕ್ಕದಲ್ಲಿಡು. ನೀನು ಕೂರುವ ಜಾಗದಿಂದ ಸ್ಪೀಕರಿಗೆ ಎಂಟು ಅಡಿ ಇದ್ದರೆ, ಎರಡು ಸ್ಪೀಕರುಗಳ ನಡುವೆಯೂ ಎಂಟು ಅಡಿ ಇರಲಿ. ಆಗ ಒಂದೊಂದೂ ನಟ್ಟನಡುವಿನ ಗೆರೆಯಿಂದ 30 ಡಿಗ್ರಿ ಓರೆಯಲ್ಲಿ ಬರುತ್ತದೆ. ಸೆಂಟರ್ ಇಲ್ಲದ ಎರಡು ಸ್ಪೀಕರಿನ ಸೆಟ್ಟಿಗೆ ಈ ಲೆಕ್ಕ ಇನ್ನೂ ಮುಖ್ಯ: ಎರಡೂ ಸಮದೂರದಲ್ಲಿದ್ದರೆ ಮಾತು ಟಿವಿಯ ನಡುವಿನಿಂದಲೇ ಬಂದಂತೆ ಕೇಳುತ್ತದೆ.

• ಸರೌಂಡ್ ಸ್ಪೀಕರು ತೀರಾ ಹಿಂದಕ್ಕೆ ಬೇಡ. 5.1ರಲ್ಲಿ ಅವುಗಳ ಜಾಗ ಕೇಳುವವರ ಪಕ್ಕಕ್ಕಿಂತ ತುಸು ಹಿಂದೆ, 110 ಡಿಗ್ರಿ ಆಸುಪಾಸು, ಕಿವಿಗಿಂತ ಒಂದೆರಡು ಅಡಿ ಮೇಲೆ. ಗೋಡೆಗೆ ಆತು ಕೂರುವ ಸಣ್ಣ ಕೋಣೆಯಲ್ಲಿ ನೇರ ಅಕ್ಕಪಕ್ಕಕ್ಕೆ ಇಟ್ಟರೂ ಆಗುತ್ತದೆ. ಅವುಗಳ ಸದ್ದು ಎದ್ದು ಕೇಳುವಂತೆ ಏರಿಸಬೇಡ. ಅದು ಮಾತನ್ನು ನುಂಗುತ್ತದೆ.

• ಸಬ್‌ವೂಫರಿಗೆ ಜಾಗವನ್ನು ಕಿವಿಯಿಂದ ಹುಡುಕು. ಮೂಲೆಗೆ ತಳ್ಳಿದರೆ ಸದ್ದು ಹೆಚ್ಚುತ್ತದೆ, ಆದರೆ ಒಂದೇ ಸ್ವರ ಗುಂಯ್‌ಗುಡುತ್ತದೆ. ಉಪಾಯ ಹೀಗಿದೆ: ನೀನು ಕೂರುವ ಜಾಗದಲ್ಲೇ ಸಬ್‌ವೂಫರ್ ಇಟ್ಟು ಡಗ್ಗಾ ಚೆನ್ನಾಗಿರುವ ಒಂದು ಹಾಡು ಹಚ್ಚು. ಮಂಡಿಯೂರಿ ಗೋಡೆಯ ಅಂಚಿನಲ್ಲಿ ನಿಧಾನ ಸುತ್ತು. ಎಲ್ಲಿ ಡಗ್ಗಾದ ಏಟು ಬಿಡಿಬಿಡಿಯಾಗಿ, ದುಂಡಗೆ ಕೇಳುತ್ತದೋ ಅಲ್ಲಿಗೆ ಸಬ್‌ವೂಫರ್ ಒಯ್ದಿಡು.

• ಗೋಡೆಯ ಮಾಡದೊಳಗೆ ಸ್ಪೀಕರು ಇಡಬೇಡ. ಹಳೆಯ ವಾಡೆಗಳ ದಪ್ಪ ಗೋಡೆಯಲ್ಲಿ ಒಳ್ಳೆಯ ಗೂಡುಗಳಿವೆ, ಸ್ಪೀಕರಿಗೆಂದೇ ಮಾಡಿದಂತೆ ಕಾಣುತ್ತವೆ. ಆದರೆ ಗೂಡಿನ ಮೂರು ಬದಿಗೆ ಬಡಿದ ತಗ್ಗು ಸ್ವರ ಉಬ್ಬಿ ಮಾತನ್ನು ಮುಚ್ಚುತ್ತದೆ. ಹಿಂಬದಿಯಲ್ಲಿ ತೂತಿರುವ ಸ್ಪೀಕರಿಗಂತೂ ಗೋಡೆಯಿಂದ ಒಂದಡಿಯಾದರೂ ದೂರ ಬೇಕು.

• ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟು. ಟಣ್ ಎಂದು ಮರುದನಿ ಬಂದರೆ ಎಷ್ಟು ದುಬಾರಿ ಸೆಟ್ಟಿನಲ್ಲೂ ಮಾತು ಸ್ಪಷ್ಟವಾಗದು. ಫರಸಿ ನೆಲ, ಬರಿಯ ಸಿಮೆಂಟ್ ಗೋಡೆ, ಪತ್ರಾ ಛಾವಣಿ ಇದ್ದಲ್ಲಿ ಹೀಗಾಗುತ್ತದೆ. ನೆಲಕ್ಕೆ ದಪ್ಪ ಜಮಖಾನಾ ಹಾಸು. ಎದುರಿನ ಗೋಡೆಗೆ ಆಯಿ ಹೊಲಿದ ಕೌದಿಯನ್ನು ಅಂದವಾಗಿ ತೂಗುಹಾಕು. ಕಿಟಕಿಗೆ ನಿರಿಗೆಯ ದಪ್ಪ ಪರದೆ ಬಿಡು. ಹಣ ಖರ್ಚಾಗದೆ ಮಾತು ತಿಳಿಯಾಗುವ ದಾರಿ ಇದಕ್ಕಿಂತ ಬೇರೆ ಇಲ್ಲ.

• ಏನೇನು ಅದುರುತ್ತದೆ ನೋಡು. ತಗ್ಗು ಸ್ವರಕ್ಕೆ ಪತ್ರಾ, ಕಿಟಕಿ ಗಾಜು, ಕಪಾಟಿನ ಬಾಗಿಲು, ಹಲಗೆಯ ಮೇಲಿನ ಸ್ಟೀಲ್ ಪಾತ್ರೆ ಗಣಗಣಿಸುತ್ತವೆ. ಪತ್ರಾದ ಬೋಲ್ಟು ಬಿಗಿ ಮಾಡಿ ಕೆಳಗೆ ರಬ್ಬರ್ ವಾಶರ್ ಕೊಡಿಸು, ಪಾತ್ರೆಗಳ ಕೆಳಗೆ ಬಟ್ಟೆ ಹಾಸು. ಸ್ಪೀಕರು ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ಇಷ್ಟು ಮಾಡು.

ತಂತಿ ಜೋಡಿಸುವಾಗ

• ಪ್ಲಗ್ ಕಿತ್ತ ಮೇಲೆಯೇ ತಂತಿ ಮುಟ್ಟು. ಸ್ಪೀಕರಿನ ಎರಡು ತಂತಿ ಒಂದಕ್ಕೊಂದು ತಗಲಿದಾಗ ಆಂಪ್ಲಿಫಯರ್ ಚಾಲೂ ಇದ್ದರೆ ಒಳಗಿನ ಐಸಿ ಹೋಗಬಹುದು. ತುದಿ ಸುಲಿದು ಎಳೆಗಳನ್ನು ಬಿಗಿಯಾಗಿ ಹೊಸೆ, ಒಂದು ಎಳೆಯೂ ಹೊರಗೆ ಚಾಚಿರಬಾರದು.

• ತಾಮ್ರದ ತಂತಿಯನ್ನೇ ತಾ. ತಾಮ್ರದ ಬಣ್ಣ ಕಾಣುವ ಅಲ್ಯೂಮಿನಿಯಂ ತಂತಿ ಪೇಟೆಯಲ್ಲಿ ಬಹಳ ಬರುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಹತ್ತಿರದ ಸ್ಪೀಕರಿಗೆ 1.5 ಚದರ ಮಿಲಿಮೀಟರ್, ಪಡಸಾಲೆಯ ಆ ಕಡೆಗೆ ಹೋಗುವ ಉದ್ದ ತಂತಿಗೆ 2.5 ಸಾಕು. ಮೀಟರಿಗೆ ಸಾವಿರಾರು ರೂಪಾಯಿಯ ತಂತಿ ನಮ್ಮ ಮನೆಗೆ ಬೇಡ.

• ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರು ಉಲ್ಟಾ ಆದರೂ ಕೋನ್‌ಗಳು ಒಂದು ಮುಂದೆ, ಒಂದು ಹಿಂದೆ ಓಡಿ ತಗ್ಗು ಸ್ವರ ಮಾಯವಾಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಗುರುತು ಅಳಿಸಿದ ಹಳೆಯ ಸ್ಪೀಕರಾದರೆ ಆಂಪ್ಲಿಫಯರ್‌ನಿಂದ ಬಿಚ್ಚಿ, 1.5 ವೋಲ್ಟ್‌ನ ಪೆನ್ಸಿಲ್ ಸೆಲ್ಲನ್ನು ಎರಡು ತುದಿಗೆ ಒಂದು ಕ್ಷಣ ತಾಗಿಸು. ದೊಡ್ಡ ಕೋನ್ ಮುಂದೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್.

• ಓಮ್ ನೋಡಿ ಜೋಡಿಸು. ಆಂಪ್ಲಿಫಯರ್ ಹಿಂದೆ 6ರಿಂದ 8 ಓಮ್ ಎಂದು ಬರೆದಿದ್ದರೆ 4 ಓಮ್ ಸ್ಪೀಕರು ಹಚ್ಚಬೇಡ. ಒಂದೇ ತೂತಿಗೆ ಎರಡು 8 ಓಮ್ ಸ್ಪೀಕರು ಪಕ್ಕಪಕ್ಕ ಜೋಡಿಸಿದರೂ ಅದು 4 ಓಮ್ ಆಗುತ್ತದೆ. ಅಂಗಳಕ್ಕೊಂದು, ಪಡಸಾಲೆಗೊಂದು ಎಂದು ಹೀಗೆ ಎಳೆದಾಗ ಎಷ್ಟೋ ಸೆಟ್ಟುಗಳು ಸುಡುತ್ತವೆ.

• ಹೊಸ ಮನೆ ಕಟ್ಟುತ್ತಿದ್ದರೆ ಪ್ಲಾಸ್ಟರ್‌ಗೆ ಮೊದಲು ಪೈಪು ಹಾಕಿಸು. ಸ್ಪೀಕರು ತಂತಿಗೆ 25 ಮಿಲಿಮೀಟರ್ ಪಿವಿಸಿ ಸಾಕು. ಎಚ್‌ಡಿಎಂಐ ತಂತಿಯ ತಲೆ ದೊಡ್ಡದು, ಅದಕ್ಕೆ 40 ಮಿಲಿಮೀಟರ್ ಬೇಕು, ತಿರುವು ಅಗಲವಾಗಿರಲಿ. ಒಳಗೆ ಒಂದು ಎಳೆಯುವ ತಂತಿ ಬಿಟ್ಟಿರು. ಲೈಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಂದಿಗೂ ಹಾಕಿಸಬೇಡ. ಒಂದಡಿ ದೂರವಿಡು, ದಾಟಲೇಬೇಕಾದರೆ ಅಡ್ಡವಾಗಿ ದಾಟಿಸು.

• ಹಳೆಯ ಮನೆಯಲ್ಲಿ ಕೇಸಿಂಗ್ ಪಟ್ಟಿಯೊಳಗೆ ತಂತಿ ಓಡಿಸು. ಜೋಳ, ತೊಗರಿ ಚೀಲ ಇರುವಲ್ಲಿ ಇಲಿ ಇರುತ್ತದೆ, ಇಲಿಗೆ ತಂತಿಯ ಮೇಲಿನ ಪ್ಲಾಸ್ಟಿಕ್ ಕಡಿಯುವ ಚಟ. ಬಾಗಿಲ ಹೊಸ್ತಿಲ ಮೇಲೆ, ಜಮಖಾನಾದ ಕೆಳಗೆ ತಂತಿ ಹಾಯಿಸಬೇಡ. ಮುದುಕರ ಕಾಲಿಗೆ ತೊಡರುತ್ತದೆ, ತುಳಿದು ತುಳಿದು ಒಳಗೆ ತುಂಡಾಗುತ್ತದೆ.

• ಎಆರ್‌ಸಿ ಇದ್ದರೆ ಅದನ್ನೇ ಬಳಸು. ಟಿವಿಯ ಎಚ್‌ಡಿಎಂಐ ತೂತುಗಳಲ್ಲಿ ಎಆರ್‌ಸಿ ಎಂದು ಬರೆದದ್ದು ಒಂದೇ ಇರುತ್ತದೆ. ಅದರಿಂದ ಆಂಪ್ಲಿಫಯರ್‌ನ ಎಆರ್‌ಸಿ ತೂತಿಗೆ ಒಂದು ತಂತಿ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಇದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಿಇಸಿ ಚಾಲೂ ಮಾಡಿ, ಸೌಂಡ್ ಔಟ್‌ಪುಟ್‌ನಲ್ಲಿ ಎಆರ್‌ಸಿ ಆರಿಸಬೇಕು. ಇಷ್ಟಾದರೆ ಟಿವಿಯ ರಿಮೋಟೇ ಸದ್ದು ಏರಿಸಿ ಇಳಿಸುತ್ತದೆ. ಒಂದೇ ರಿಮೋಟು ಇದ್ದರೆ ಆಯಿ ಯಾರನ್ನೂ ಕರೆಯದೆ ತನ್ನ ಧಾರಾವಾಹಿ ತಾನೇ ಹಚ್ಚಿಕೊಳ್ಳುತ್ತಾಳೆ.

• ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್. ಎರಡು ಚಾನೆಲ್ ಸದ್ದನ್ನೂ ಡಾಲ್ಬಿ ಡಿಜಿಟಲ್ 5.1ನ್ನೂ ಅದು ಒಯ್ಯುತ್ತದೆ. ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಟಕ್ ಎನ್ನುವ ತನಕ ಒತ್ತು. ತಂತಿಯನ್ನು ಮಡಚಬೇಡ, ಒಳಗೆ ಬೆಳಕು ಹಾಯುವ ಎಳೆ ಮುರಿಯುತ್ತದೆ. ಸದ್ದು ಬಾರದಿದ್ದರೆ ಟಿವಿಯ ಡಿಜಿಟಲ್ ಔಟ್ ಸೆಟ್ಟಿಂಗನ್ನು ಪಿಸಿಎಂ ಮಾಡಿ ನೋಡು. ಬಂದರೆ ನಿನ್ನ ಸೆಟ್ಟಿನಲ್ಲಿ ಡಾಲ್ಬಿ ಡಿಕೋಡರ್ ಇಲ್ಲವೆಂದು ಗೊತ್ತಾಗುತ್ತದೆ.

• ಕೆಂಪು-ಬಿಳಿ ತಂತಿಯನ್ನು ಔಟ್‌ನಿಂದ ಇನ್‌ಗೆ ಹಾಕು. ಟಿವಿಯ ಇನ್ ತೂತಿಗೆ ಹಾಕಿ ಸದ್ದಿಲ್ಲವೆಂದು ಒದ್ದಾಡುವವರು ಬಹಳ. ಔಟ್ ಇಲ್ಲದ ಟಿವಿಯಲ್ಲಿ ಹೆಡ್‌ಫೋನ್ ತೂತಿನಿಂದ ತೆಗೆಯಬಹುದು. ಹಳೆಯ ಎರಡು ಸ್ಪೀಕರಿನ ಸೆಟ್ಟಿಗೆ ಇದರಲ್ಲಿ ಏನೂ ಕೊರತೆಯಿಲ್ಲ.

• ಗುಂಯ್ ಎಂದರೆ ಒಂದೊಂದೇ ತಂತಿ ಕಿತ್ತು ನೋಡು. ಮೊದಲು ಡಿಶ್ ಅಥವಾ ಕೇಬಲ್ ತಂತಿ ಬಿಚ್ಚು. ಸದ್ದು ನಿಂತರೆ ಎರಡು ಕಡೆಯ ಅರ್ಥ್ ಸುತ್ತುಹಾಕಿ ಕರೆಂಟು ತಿರುಗುತ್ತಿದೆ ಎಂದು ತಿಳಿ. ಟಿವಿ, ಆಂಪ್ಲಿಫಯರ್, ಬಾಕ್ಸ್ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕು. ಆಗಲೂ ನಿಲ್ಲದಿದ್ದರೆ ಟಿವಿಯಿಂದ ಆಂಪ್ಲಿಫಯರ್‌ಗೆ ಆಪ್ಟಿಕಲ್ ಹಾಕು. ಅದರಲ್ಲಿ ಬೆಳಕು ಮಾತ್ರ ಹೋಗುತ್ತದೆ, ಕರೆಂಟಿಗೆ ದಾರಿಯೇ ಇಲ್ಲ. ಗುಂಯ್ ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ನು ಕತ್ತರಿಸುವವರಿದ್ದಾರೆ. ಯಾರು ಹೇಳಿದರೂ ಅದನ್ನು ಮಾಡಬೇಡ. ಸದ್ದಿಗಾಗಿ ಜೀವ ಪಣಕ್ಕಿಡಬಾರದು.

ಕಿವಿಗೆ ಹೊಂದಿಸುವಾಗ

• ದೂರವನ್ನು ಟೇಪಿನಿಂದ ಅಳೆದು ಸೆಟ್ಟಿಂಗ್‌ನಲ್ಲಿ ಹಾಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದು ಅಡಿಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ದೂರದ ಸ್ಪೀಕರಿನ ಸದ್ದು ತಡವಾಗಿ ಬರದಂತೆ ಯಂತ್ರವೇ ಸರಿ ಮಾಡಿಕೊಳ್ಳುತ್ತದೆ. ಸೆಟ್ಟಿನ ಜೊತೆ ಮೈಕು ಬಂದಿದ್ದರೆ ಫ್ಯಾನು, ಕೂಲರ್ ಆರಿಸಿ, ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಮೈಕು ಇಟ್ಟು ಅದರಿಂದಲೇ ಅಳೆಯಿಸು.

• ತಗ್ಗು ಸ್ವರವನ್ನು ಸಬ್‌ವೂಫರಿಗೆ ಬಿಟ್ಟುಕೊಡು. ಸ್ಪೀಕರುಗಳನ್ನು ಸ್ಮಾಲ್ ಎಂದು ಹಾಕಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡು. ಅಂಗೈ ಅಗಲದ ಸಣ್ಣ ಸ್ಪೀಕರಾದರೆ 120ರ ಹತ್ತಿರ. ಗಂಡಸರ ಧ್ವನಿ ಸಬ್‌ವೂಫರಿನಿಂದ ಬರುತ್ತಿದೆ ಅನಿಸಿದರೆ ಕ್ರಾಸ್‌ಓವರ್ ಇಳಿಸು.

• ಸೆಂಟರನ್ನು 2-3 ಡೆಸಿಬಲ್ ಏರಿಸು. ಹಾಡು, ಹೊಡೆದಾಟದ ನಡುವೆ ಮಾತು ಮುಳುಗುವ ಚಿತ್ರಗಳಿಗೆ ಇದೊಂದೇ ಮದ್ದು. ರಾತ್ರಿ ನೈಟ್ ಮೋಡ್ ಹಾಕು. ಪಿಸುಮಾತು ಮೇಲೇರುತ್ತದೆ, ಸ್ಫೋಟ ಕೆಳಗಿಳಿಯುತ್ತದೆ, ಮಲಗಿದವರಿಗೂ ತೊಂದರೆಯಿಲ್ಲ.

• ತುಟಿಗೂ ಮಾತಿಗೂ ಹೊಂದಾಣಿಕೆ ನೋಡು. ವಾರ್ತೆ ಓದುವವರ ಮುಖ ನೋಡಿ ಲಿಪ್ ಸಿಂಕ್ ಅಥವಾ ಆಡಿಯೋ ಡಿಲೇ ತಿದ್ದು. ಟಿವಿಯಿಂದ ಸ್ಪೀಕರಿಗೆ ಬ್ಲೂಟೂತ್ ಹಾಕಿದರೆ ಮಾತು ತುಟಿಗಿಂತ ಹಿಂದುಳಿಯುತ್ತದೆ. ಮೊಬೈಲಿನ ಹಾಡಿಗೆ ಬ್ಲೂಟೂತ್ ಸರಿ, ಟಿವಿಗೆ ತಂತಿಯೇ ಸರಿ.

• ಕನ್ನಡ ಚಾನೆಲ್ ಕೇಳಿ ಪಡೆ. ಮಹಾರಾಷ್ಟ್ರದ ಪ್ಯಾಕ್‌ನಲ್ಲಿ ಅವು ತಾವಾಗಿ ಬರುವುದಿಲ್ಲ. ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸುವ ಹಕ್ಕು 2019ರಿಂದ ಗ್ರಾಹಕರಿಗಿದೆ. ಬಾಕ್ಸಿನವರಿಗೆ ಪಟ್ಟಿ ಕೊಟ್ಟು ಸೇರಿಸು. ತಿಂಗಳ ಹಣ ಕಟ್ಟಲಾಗದ ಮನೆಯಲ್ಲಿ ಡಿಡಿ ಫ್ರೀ ಡಿಶ್‌ನಿಂದ ಚಂದನವೂ ಸಹ್ಯಾದ್ರಿಯೂ ಬರುತ್ತವೆ. ಹಲವು ಭಾಷೆಗಳಲ್ಲಿ ಇರುವ ಚಿತ್ರವಾದರೆ ಆಡಿಯೋ ಭಾಷೆಯ ಪಟ್ಟಿ ತೆರೆದು ಕನ್ನಡ ಇದೆಯೇ ನೋಡು. ಇದ್ದೂ ಹಚ್ಚದಿದ್ದರೆ ಮಕ್ಕಳು ಹಿಂದಿಯಲ್ಲೇ ನೋಡಿ ಮುಗಿಸುತ್ತಾರೆ.

• ನೆರೆಯವರ ನಿದ್ದೆ ಕಾಯಿ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರ ತನಕ 45 ಡೆಸಿಬಲ್ ಮಿತಿ. ತಗ್ಗು ಸ್ವರ ಗೋಡೆ ದಾಟುವಷ್ಟು ಬೇರಾವ ಸ್ವರವೂ ದಾಟುವುದಿಲ್ಲ. ರಾತ್ರಿ ಸಬ್‌ವೂಫರನ್ನು ಮೊದಲು ಇಳಿಸು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ, ಕಾಯಿಲೆಯವರಿದ್ದರೆ, ಹಗಲಲ್ಲೂ ಕೇಳಿ ಹಚ್ಚು.

• ಕೊನೆಯ ಪರೀಕ್ಷೆ ಮನೆಯ ಹಿರಿಯರದು. ಎಲ್ಲ ಜೋಡಿಸಿದ ದಿನ ಹೊಡೆದಾಟದ ಚಿತ್ರ ಹಚ್ಚಬೇಡ. ಕಿವಿ ಮಂದವಾದವರನ್ನು ಅವರು ದಿನಾ ಕೂರುವ ಜಾಗದಲ್ಲೇ ಕೂರಿಸಿ, ಒಂದು ಕನ್ನಡ ನಾಟಕ ಅಥವಾ ವಾರ್ತೆ ಹಚ್ಚಿ, ಈಗ ಏನಂದರು ಎಂದು ಕೇಳು. ಪಕ್ಕದಲ್ಲಿ ಮರಾಠಿ ಶಾಲೆಗೆ ಹೋಗುವ ಮಗುವನ್ನೂ ಕೂರಿಸಿ ಅದೇ ಕೇಳು. ಇಬ್ಬರೂ ತಡವರಿಸದೆ ಹೇಳುವ ತನಕ ಸೆಂಟರ್ ಏರಿಸು, ಸಬ್‌ವೂಫರ್ ಇಳಿಸು, ಜಮಖಾನಾ ಸರಿಸು. ಹೇಳಿದರೆಂದರೆ ಆ ಸೆಟ್ಟಿಂಗನ್ನು ಒಂದು ಚೀಟಿಯಲ್ಲಿ ಬರೆದು ಆಂಪ್ಲಿಫಯರ್‌ಗೆ ಅಂಟಿಸು, ಯಾರಾದರೂ ಗುಂಡಿ ತಿರುಗಿಸಿದರೂ ಮತ್ತೆ ಅಲ್ಲಿಗೇ ತರಬಹುದು.